ಒಂದಕ್ಕೇ ನಿಲ್ಲಿಸಿದ ಚೀಟಿ

ಫಿಂಟನ್ ಇಪ್ಪತ್ತು ವರ್ಷದಿಂದ ನಮ್ಮ ಕೌನ್ಸಿಲರ್, ನನಗೆ ಅದಕ್ಕೂ ಹಳೆಯ ಗೆಳೆಯ. ಐರ್ಲೆಂಡಿನ ಪಡುವಣ ಮೂಲೆಯ ನಮ್ಮೂರಿನಲ್ಲಿ ಅವನು ಈ ಸಲದ ಚುನಾವಣೆಗೆ ಮತ ಕೇಳುತ್ತ ಮನೆಮನೆಯ ಬಾಗಿಲನ್ನೂ ತಟ್ಟಿದ, ನಮ್ಮದೊಂದನ್ನು ಬಿಟ್ಟು. ಎಡಮನೆಯಲ್ಲಿ ಮಾತಾಡಿದ, ಬಲಮನೆಯಲ್ಲಿ ಚಹಾ ಕುಡಿದ, ನಮ್ಮ ಗೇಟಿನ ಮುಂದೆ ಕೈ ಬೀಸಿ ಹೊರಟೇಹೋದ. ನನಗೆ ಮೈಯೆಲ್ಲ ಉರಿಯಿತು.

ನಮ್ಮಲ್ಲಿ ಮತಚೀಟಿಯ ಹೆಸರುಗಳ ಮುಂದೆ ಇಷ್ಟದ ಕ್ರಮದಲ್ಲಿ ಒಂದು, ಎರಡು ಎಂದು ಬರೆಯುತ್ತೇವೆ, ಒಂದಕ್ಕೇ ನಿಲ್ಲಿಸಿದರೂ ನಡೆಯುತ್ತದೆ. ಒಂದು ಎಂಬ ಅಂಕಿ ಹೇಗೂ ಕಣದಲ್ಲಿದ್ದ ನನ್ನ ತಂಗಿಯ ಮಗ ಡೆಕ್ಲನ್‌ನ ಹೆಸರಿನ ಮುಂದೆ. ಅವನು ಗೆಲ್ಲುವುದಿಲ್ಲ ಎಂಬುದು ಹೆತ್ತವಳಿಗೂ ಗೊತ್ತಿತ್ತು. ಹಿಂದೆ ಬಿದ್ದವನನ್ನು ಕೈಬಿಟ್ಟಾಗ ಅವನ ಚೀಟಿಗಳು ಅವುಗಳ ಮೇಲೆ ಎರಡು ಎಂದು ಬರೆಸಿಕೊಂಡವರಿಗೆ ಹೋಗುತ್ತವೆ. ನಮ್ಮ ಮನೆಯವರ ಎರಡು ಎಂಬ ಅಂಕಿ ಫಿಂಟನ್‌ಗೇ ಆಗಬೇಕಿತ್ತು.

ಮತಗಟ್ಟೆಯ ಬಾಗಿಲಲ್ಲಿ ಹೆಂಡತಿ ಊನಾಗೆ ಹೇಳಿದೆ, "ಒಂದು ಬರೆದು ನಿಲ್ಸು."

"ತಲೆ ಕೆಟ್ಟಿದ್ಯಾ? ಫಿಂಟನ್‌ಗೆ ಎರಡು ಬೇಡ್ವಾ?"

"ಬೇಕಿದ್ರೆ ಕೇಳೋಕೆ ಬರ್ತಿದ್ದ."

"ಮದುವೆ ಮನೇಲಿ ಮುನಿಸ್ಕೊಂಡ ಬೀಗರ ಥರ ಆಡ್ತೀಯಲ್ಲ," ಎಂದಳು. ಆದರೂ ನನ್ನ ಮಾತು ಮೀರಲಿಲ್ಲ.

ಎಣಿಕೆಯ ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಮ್ಮ ಕ್ಷೇತ್ರದ ಆರು ಸ್ಥಾನಗಳಲ್ಲಿ ಐದು ತುಂಬಿದ್ದವು. ಉಳಿದ ಒಂದಕ್ಕೆ ಫಿಂಟನ್, ಒಬ್ಬ ಹೊಸಬಳು ಮತ್ತು ತೀರ ಹಿಂದೆ ನಮ್ಮ ಡೆಕ್ಲನ್. ಡೆಕ್ಲನ್‌ನನ್ನು ಕೈಬಿಟ್ಟು ಅವನ ಚೀಟಿಗಳನ್ನು ಹಂಚತೊಡಗಿದರು. ಕಂಬಿಗೆ ಆತುಕೊಂಡು ನಾವೆಲ್ಲ ನೋಡುತ್ತಿದ್ದೆವು. ಮುಂದಿನ ಅಂಕಿಯಿಲ್ಲದ ಚೀಟಿಗಳು ಯಾರಿಗೂ ಸೇರದ ಕಟ್ಟಿಗೆ ಬೀಳುತ್ತಿದ್ದವು.

ಫಿಂಟನ್ ಒಂದು ಮತದಿಂದ ಸೋತ. ಮರುಎಣಿಕೆ ಆಯಿತು. ಯಾರದಾದರೂ ಕೈತಪ್ಪು ಸಿಗಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಮತ್ತೆ ಅದೇ ಒಂದು. ನಮ್ಮ ಮನೆಯಲ್ಲಿದ್ದ ಮತ ಎರಡು.

ಫಿಂಟನ್ ನೇರವಾಗಿ ನನ್ನ ಬಳಿಗೇ ಬಂದು ತಬ್ಬಿಕೊಂಡ.

"ಆ ಕಟ್ಟು ನೋಡಿದ್ಯಾ ಮಾರಾಯ? ನಲವತ್ತೊಂದು ಜನ! ಇನ್ನೊಂದು ಅಂಕಿ ಬರೆಯೋಕೆ ಕೈ ನೋಯ್ತಿತ್ತಾ ಅವ್ರಿಗೆ?" ಎಂದ. ಆಮೇಲೆ ದನಿ ತಗ್ಗಿಸಿ, "ನಿಮ್ಮನೆಗೆ ಬರಲೇ ಇಲ್ಲ ನೋಡು. ಅದು ನಂದೇ ಮನೆ, ಅಲ್ಲೇನು ಕೇಳೋದು ಅಂತ ಬಿಟ್ಟೆ."

ಊನಾ ಮುಂದೆ ಬಂದಳು.

"ನಾವೂ ಬರೀಲಿಲ್ಲ ಫಿಂಟನ್. ನಾವಿಬ್ರೂ."

ಅವನು ಅವಳನ್ನೇ ದಿಟ್ಟಿಸಿದ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಬೆಳಗ್ಗಿಂದ ನನ್ನ ನಗ್ಸಿದವಳು ನೀನೊಬ್ಳೇ ಕಣೇ!"

ಆಗಲಾದರೂ ನಾನು ನಿಜ ಹೇಳಬಹುದಿತ್ತು. ಹೇಳದೆ, ಅವನ ಹೆಗಲ ಮೇಲೆ ಕೈಯಿಟ್ಟು ಅವನ ಜೊತೆ ನಾನೂ ನಕ್ಕೆ.