ಉದ್ಧರಣೆಯಲ್ಲಿ ಎರಡು ಗುಳಿಗೆ

ಹಳದಿ, ಇಲ್ಲಿಯೂ ಹಳದಿಯೇ, ಗೋಡೆಗೆ ಬಳಿಯುವುದಕ್ಕೆ ಈ ದವಾಖಾನೆಯವರಿಗೆ ಬೇರೆ ಬಣ್ಣವೇ ಸಿಗಲಿಲ್ಲವೇ, ಕಾಮಾಲೆಯವರು ಬಂದು ಕೂತರೆ ಯಾರಿಗೂ ಗೊತ್ತಾಗಬಾರದು ಅಂತ ಬಳಿದ ಹಾಗಿದೆ — ಇವರು ಮಾತ್ರ ಕೂತಿಲ್ಲ, ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದಾರೆ, ಶಲ್ಯ ಬಿಗಿಯಾಗಿ ಹೊದ್ದುಕೊಂಡು, ಬೆನ್ನು ನನ್ನ ಕಡೆ ಮಾಡಿ, ಮದುವೆಯಾದಾಗಿನಿಂದ ಆ ಬೆನ್ನನ್ನು ನೋಡುತ್ತಿದ್ದೇನೆ, ಮುಖಕ್ಕೆ ಬಂದ ಸಿಟ್ಟು ಊಟಕ್ಕೆ ಕೂಡುವುದರೊಳಗೆ ಇಳಿಯುತ್ತದೆ, ಬೆನ್ನಿಗೆ ಏರಿದ ಸಿಟ್ಟು ಮರುದಿನಕ್ಕೂ ಉಳಿಯುತ್ತದೆ. ನಡಿ ಪಾರ್ವತಿ, ಇಲ್ಲೆ ಇನ್ನೊಂದು ಕ್ಷಣ ನಿಲ್ಲೂದು ಬ್ಯಾಡ, ಅಂದವರೇ ಎದ್ದು ಹೋದರು, ನಾನು ಚೀಲ ಕಾಯುತ್ತ ಬೆಂಚಿನ ಮೇಲೆ ಉಳಿದೆ, ಅಳಿಯ ಸುಜಯೀಂದ್ರ ಕಾರು ತರುತ್ತಾನೆ, ಅವನ ಮನೆ ಇದೇ ಜೇವರ್ಗಿ ಕಾಲೋನಿಯಲ್ಲಿ, ಬ್ಯಾಂಕಿನಿಂದ ಹೊರಟಿದ್ದಾನಂತೆ, ಅವನು ಬಂದ ಅಂದರೆ ಮುಗಿಯಿತು, ಊಟ ಮಾಡಿಸಿ ನಮ್ಮನ್ನು ಕಮಲಾಪುರದ ಬಸ್ಸಿಗೆ ಹತ್ತಿಸುತ್ತಾನೆ, ನಾಳೆ ಏಕಾದಶಿ, ಇನ್ನೊಮ್ಮೆ ದವಾಖಾನೆಯ ಮಾತೆತ್ತುವ ಧೈರ್ಯ ಯಾರಿಗಿದೆ. ಆ ಡಾಕ್ಟರ್ ಹುಡುಗಿ ಅಫ್ಶೀನ್, ನಮ್ಮ ಮಂಜುಷಾಳ ಜೊತೆ ಶಾಲೆಯಲ್ಲಿ ಓದಿದವಳು, ಮಗಳೇ ಹೇಳಿ ಕಳಿಸಿದ್ದು, ಆಯಿ, ಅಕಿ ಕಡೆನೇ ತೋರಸ್ರಿ, ಸಮಾಧಾನದಿಂದ ನೋಡ್ತಾಳ. ನೋಡಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ರಕ್ತದ ರಿಪೋರ್ಟು ಓದಿ ಮತ್ತೆ ಮೊದಲಿನಿಂದ ಓದಿದಳು, ಲಿವರ್ ಬಾತದ್ರೀ ಆಚಾರ್ರೆ, ಸೋಂಕಿನ ಕಾಮಣಿ ಅಲ್ಲ ಇದು, ಪಿತ್ತದ ಕಲ್ಲೂ ಇಲ್ಲ, ಬ್ಯಾರೆ ಏನರ ಔಷಧ ತೊಗೊಳಾಕತ್ತೀರೇನ್ರಿ. ಔಷಧದ ಗುಳಿಗಿ ನಮ್ಮ ಮನಿ ಹೊಸ್ತಲಾ ದಾಟಿಲ್ಲ ತಂಗಿ, ಇವರು ಎದೆ ಮುಂದೆ ಮಾಡಿ ಹೇಳಿದರು, ನಾನೂ ಹೌದೆಂದು ತಲೆಯಾಡಿಸಿದೆ, ನಿಜವೇ ತಾನೇ, ಬಿ.ಪಿ. ಇಲ್ಲ, ಸಕ್ಕರೆ ಇಲ್ಲ. ಆಗ ಅವಳು ಪೆನ್ನು ಕೆಳಗಿಟ್ಟು, ಸಿಟ್ಟಾಗಬ್ಯಾಡ್ರಿ, ಎಲ್ಲಾರಿಗೂ ಕೇಳ್ತೀನಿ, ಕುಡಿಯೂದು ಏನರ ಅದ ಏನ್ರಿ — ಅಯ್ಯ ರಾಮಾ, ಯಾರಿಗೆ ಕೇಳಿದಳು, ಮಾರುತಿ ದೇವರ ಪೂಜೆಯ ಬಂಡಾಚಾರ್ಯರಿಗೆ, ಚಹಾ ಸಹ ಬಾಯಿಗೆ ಹಾಕದ ಮನುಷ್ಯನಿಗೆ, ಕುರ್ಚಿ ಹಿಂದಕ್ಕೆ ಬಿದ್ದದ್ದೇ ಕೇಳಿಸಿತು, ಆಮೇಲೆ ಬೆನ್ನು ಕಂಡಿತು.

ಅವಳದೇನು ತಪ್ಪು, ನನ್ನನ್ನು ಹಿಂದೆ ನಿಲ್ಲಿಸಿ ಹೇಳಿದಳಲ್ಲ, ಅಮ್ಮಾರೆ, ಕಾರಣ ಸಿಗಲಿಲ್ಲಂದ್ರ ಏನು ನಿಲ್ಲಸ್ರಿ ಅಂತ ನಾ ಹ್ಯಾಂಗ ಹೇಳ್ಲಿ, ಹಿಂಗೇ ಏರ್ಕೋತ ಹೋದ್ರ ಹೊಟ್ಟ್ಯಾಗ ನೀರು ತುಂಬ್ತದ, ಮಂದಿ ಗುರ್ತ ಹತ್ತೂದಿಲ್ಲ, ಜೀವಕ್ಕ ಬರ್ತದ. ಜೀವಕ್ಕ ಬರ್ತದ ಅಂದಳು, ಬೆಂಚಿಗೆ ಬಂದು ಚೀಲವನ್ನು ಮಡಿಲಿಗೆ ಎಳೆದುಕೊಂಡೆ, ಒಳಗೆ ಕೆಂಪು ಬಾಳೆಯ ಹಣ್ಣು, ಮಗಳಿಗೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು, ಬಸ್ಸಿನ ಧಗೆಗೆ ಇನ್ನಷ್ಟು ಹಣ್ಣಾಗಿ ಘಮ ಬಿಟ್ಟಿದೆ, ನಮ್ಮೂರ ಹಣ್ಣು ಬೇರೆ ಎಲ್ಲಿ ಬೆಳೆದರೂ ಆ ರುಚಿ ಇಲ್ಲ ಅಂತ ಇವರೇ ಹೇಳುತ್ತಿದ್ದರು, ಈಗ ಒಂದು ಹಣ್ಣೂ ಸೇರುವುದಿಲ್ಲ, ವಾಸನೆಗೇ ಮುಖ ತಿರುಗಿಸುತ್ತಾರೆ. ಹಣ್ಣಿನ ಪಕ್ಕದಲ್ಲಿ ಆ ಹಸಿರು ಗುಳಿಗೆಯ ಡಬ್ಬಿ, ಕಟಕಟ ಅನ್ನುತ್ತದೆ, ಊಟ ಆದ ಮೇಲೆ ಬೇಕಲ್ಲ ಅಂತ ಮರೆಯದೆ ಹಾಕಿಕೊಂಡು ಬಂದಿದ್ದಾರೆ, ಯುಗಾದಿಗೆ ಬಂದಾಗ ಸುಜಯೀಂದ್ರ ಕೊಟ್ಟದ್ದು. ಆವತ್ತಿನ ಅವನ ಉತ್ಸಾಹವೇನು, ಇದೇ ಕೆಂಪು ಬಾಳೆಯನ್ನು ತಾಟಿನಲ್ಲಿ ಹೆಚ್ಚಿ ಅರ್ಧಕ್ಕೆ ಲಿಂಬೆಹಣ್ಣಿನ ರಸ ಸವರಿ ಅರ್ಧ ಹಾಗೇ ಬಿಟ್ಟ, ಹೋಳಿಗೆ ಬಡಿಸುವುದರೊಳಗೆ ಬಿಟ್ಟದ್ದು ಕಪ್ಪಗಾಯಿತು, ನೋಡ್ರಿ ಮಾಮಾ, ನಮ್ಮ ಮೈಯೊಳಗೂ ಹಿಂಗೇ, ಕಬ್ಬಿಣಕ್ಕ ಜಂಗ್ ಹಿಡದಂಗ, ಇದು ಆ್ಯಂಟಿಆಕ್ಸಿಡೆಂಟ್, ಜಂಗ್ ಹಿಡಿಯಲಿಕ್ಕೆ ಬಿಡೂದಿಲ್ಲ, ಬರೇ ಎಲಿ ಸಾರಾ, ಹಸರು ಚಹಾದ ಎಲಿ, ಊಟ ಆದ ಮ್ಯಾಲೆ ಒಂದು. ಬದನೆಕಾಯಿ ಹೆಚ್ಚಿ ನೀರಲ್ಲಿ ಹಾಕದಿದ್ದರೆ ಕಪ್ಪಗಾಗುತ್ತದೆ ಅಂತ ನನಗೆ ಹೇಳಿಕೊಡಲು ಬ್ಯಾಂಕಿನ ನೌಕರ ಬೇಕಾಯಿತೇ, ಆದರೂ ಸುಮ್ಮನೆ ಕೇಳಿದೆ, ಅಳಿಯ, ಮೇಲಾಗಿ ಒಳ್ಳೆಯ ಹುಡುಗ, ಮೋಸ ಮಾಡುವವನಲ್ಲ, ತಾನೂ ತಿನ್ನುತ್ತಾನೆ, ಓಣಿಯವರಿಗೂ ಮಾರುತ್ತಾನೆ, ಗುಳಿಗೆಯ ಸಿಪ್ಪೆ ಸಹ ಮಾಂಸದ್ದಲ್ಲ ಅಂತ ಡಬ್ಬಿಯ ಮೇಲಿನ ಹಸಿರು ಚುಕ್ಕಿ ತೋರಿಸಿದ. ಮತ್ತೆ ಸುಳ್ಳೇಕೆ, ಇವರ ಮೊಣಕಾಲು ಹಗುರಾಯಿತು, ಗುಡಿಯ ಮೆಟ್ಟಿಲು ಕಂಬ ಹಿಡಿಯದೆ ಹತ್ತಿದರು, ಗುಳಿಗೆಯಿಂದಲೋ ಬೇಸಿಗೆಯಿಂದಲೋ ಯಾರು ಕಂಡರು, ನಾನಂತೂ ಖುಷಿಪಟ್ಟೆ, ನಾನೇ ದಿನಾ ಊಟದ ತಾಟಿನ ಪಕ್ಕ ಇಡುತ್ತಿದ್ದೆ. ಎಲೆ ಏನು ಮಾಡುತ್ತದೆ, ತುಳಸಿ ಎಲೆಯಲ್ಲವೇ, ಬಿಲ್ವ, ಬೇವು ಎಲೆಯಲ್ಲವೇ.

ಊಟ ಆದ ಮೇಲೆ ಒಂದು — ಏಕಾದಶಿಯ ದಿನ ಊಟವೆಲ್ಲಿಂದ ಬರಬೇಕು. ಮಂಜುಷಾಳ ಮನೆಯಲ್ಲಿ ಏಕಾದಶಿ ಅಂದರೆ ಸಾಬೂದಾಣಿ ಖಿಚಡಿ, ಶೇಂಗಾ ಲಾಡು, ಹಾಲು, ಹಣ್ಣು, ಉಳಿದ ದಿನಕ್ಕಿಂತ ಒಂದು ತುತ್ತು ಹೆಚ್ಚೇ, ನಮ್ಮಲ್ಲಿ ಹಾಗಲ್ಲ, ಇವರು ನೀರು ಸಹ ಮುಟ್ಟುವುದಿಲ್ಲ, ಪೂಜೆ ಮುಗಿಸಿ ಒಂದೇ ಒಂದು ಉದ್ಧರಣೆ ತೀರ್ಥ, ಅಷ್ಟೇ, ದ್ವಾದಶಿಯ ಬೆಳಗಿನ ಪಾರಣೆಯವರೆಗೆ ಮತ್ತೇನಿಲ್ಲ. ಹಂಗಾರ ನಾಳೆ ಗುಳಿಗಿ ಬಿಡ್ರಲಾ, ಅಂದಿದ್ದೆ ನಾನು ಮೊದಲನೆಯ ಸಲ, ಅಂದದ್ದು ಚೆನ್ನಾಗಿ ನೆನಪಿದೆ, ಅದಕ್ಕೆ ಇವರು ಪಂಚಾಂಗ ಮಡಚಿಟ್ಟು, ಬಿಡೂದು ಯಾಕ, ಔಷಧಕ್ಕ ಉಪವಾಸದ ದೋಷ ಇಲ್ಲ, ಮತ್ತ ಉಪವಾಸನೂ ಶುದ್ಧಿ, ಇದೂ ಶುದ್ಧಿ, ಎರಡೂ ಕೂಡಿ ಬಂದ್ರ ಛಲೋನೇ ಆತು, ಮುಂಜಾನಿಂದೊಂದು ಸಂಜೀದೊಂದು ಅಂತ ಎರಡು ತೊಗೋತೀನಿ. ಆದರೆ ತೀರ್ಥ ಒಂದೇ ಸಲ, ಸಂಜೆಗೆ ನುಂಗುವುದಕ್ಕೆ ನೀರೆಲ್ಲಿದೆ, ಹೀಗಾಗಿ ಎರಡೂ ಒಟ್ಟಿಗೇ. ಇವರು ಮಡಿಯಲ್ಲಿರುತ್ತಾರೆ, ಪ್ಲಾಸ್ಟಿಕ್ ಡಬ್ಬಿ ಮುಟ್ಟುವಂತಿಲ್ಲ, ನನಗೆ ಆವತ್ತು ಅಡಿಗೆಯಿಲ್ಲ, ಮಡಿಯೂ ಇಲ್ಲ, ದೇವರ ಮನೆಯ ಹೊಸ್ತಿಲಾಚೆ ನಿಂತು ಕೈ ಚಾಚುತ್ತೇನೆ, ಅವರು ಬೆಳ್ಳಿಯ ಉದ್ಧರಣೆ ಮುಂದೆ ಹಿಡಿಯುತ್ತಾರೆ, ಅಂಚಿನವರೆಗೆ ತೀರ್ಥ, ಒಂದು ತುಳಸಿದಳ, ನಾನು ಮೇಲಿನಿಂದ ತಾಗದ ಹಾಗೆ ಡಬ್ಬಿ ಬಗ್ಗಿಸುತ್ತೇನೆ, ಟಪ್, ಒಂದು, ಟಪ್, ಇನ್ನೊಂದು, ಎರಡು ಹಸಿರು ಗುಳಿಗೆ. ಅದನ್ನು ಬಲಗೈಯ ಕುಳಿಯೊಳಗೆ ಬಗ್ಗಿಸಿಕೊಂಡು ನುಂಗುತ್ತಾರೆ, ಗಂಟಲಲ್ಲಿ ಸಿಕ್ಕುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಆದರೂ ನೀರು ಕೇಳುವುದಿಲ್ಲ, ಒದ್ದೆ ಅಂಗೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಕಣ್ಣು ಹಳದಿಯಾದದ್ದು ನನಗೆ ಯಾಕೆ ಕಾಣಲಿಲ್ಲ, ಕಾಣಲಿಲ್ಲ ಅಂದರೆ ಹೇಗೆ ಕಾಣಬೇಕು, ಹಣೆಗೆ ಗೋಪೀಚಂದನ, ಕೆನ್ನೆಗೆ ಗೋಪೀಚಂದನ, ಎದೆಗೆ ತೋಳಿಗೆ ಗೋಪೀಚಂದನ, ಇವರ ಮೈಬಣ್ಣ ಯಾವುದು ಅಂತ ನಾನೇ ಮರೆತಿದ್ದೇನೆ. ದ್ವಾದಶಿಯ ಪಾರಣೆಗೆ ಅಗಸೆ ಸೊಪ್ಪಿನ ಪಲ್ಯ, ಹೆಸರುಬೇಳೆ, ಅಷ್ಟು ಬೆಳಗಾಗೆದ್ದು ಮಾಡಿಟ್ಟರೆ ಎರಡು ತುತ್ತಿಗೆ ಎದ್ದು ಹೋಗಿ ವಾಂತಿ, ನಿನ್ನ ಪಲ್ಯಾಕ್ಕ ಎಣ್ಣಿ ಜಾಸ್ತಿ ಆಗೇದ, ನನ್ನ ಮೇಲೆಯೇ ಬಂತು, ಮುಂದಿನ ಸಲ ಎಣ್ಣೆ ಇಲ್ಲದೆ ಮಾಡಿದೆ, ಮತ್ತೆ ವಾಂತಿ, ಆಗ ತುಪ್ಪ ಹಳೆಯದು ಅಂತ ತುಪ್ಪದ ಮೇಲೆ ಬಂತು. ಮೂತ್ರ ಕೆಂಪಗೆ ಹೋಗುತ್ತಿದೆ ಅಂದಾಗ ನೀರು ಕುಡಿಯದ ಉಪವಾಸ, ಹಾಗೇ ಇರುತ್ತದೆ ಅಂದುಕೊಂಡೆವು. ನಡುವೆ ಒಂದು ತಿಂಗಳು ಚೆನ್ನಾಗಿದ್ದರು, ಯಾವಾಗ ಅದು — ಆಷಾಢದಿಂದ ಶ್ರಾವಣ, ಹೌದು, ಪಾರಣೆಗೆ ಎರಡು ಸಲ ತೊವ್ವೆ ಅನ್ನ ಹಾಕಿಸಿಕೊಂಡಿದ್ದರು, ಆ ಸಂಭ್ರಮಕ್ಕೆ ಮಂಜುಷಾಳಿಗೆ ಫೋನ್ ಮಾಡಿ ಹೇಳಿದ್ದೆ, ನಿಮ್ಮಪ್ಪ ಇವತ್ತ ಹೊಟ್ಟಿತುಂಬ ಉಂಡ್ರು ನೋಡು. ಆ ತಿಂಗಳು ಶಾಕವ್ರತ, ಸೊಪ್ಪು ತರಕಾರಿ ಹಣ್ಣು ಏನೂ ಮನೆಗೆ ಬರುವುದಿಲ್ಲ, ಬೇಳೆ ಹಿಟ್ಟಿನಲ್ಲೇ ಕಾಲ ಹಾಕುತ್ತೇವೆ, ಆಗ ಇವರು ಡಬ್ಬಿಯನ್ನು ಅಟ್ಟದ ಮೇಲೆ ಎತ್ತಿಟ್ಟಿದ್ದರು, ಎಲಿ ಅಂದ್ರ ಎಲಿನೇ ಪಾರ್ವತಿ, ಶಾಕದಾಗ ನಡಿಯೂದಿಲ್ಲ. ವ್ರತ ಮುಗಿದ ದಿನ ಇಳಿಸಿದರು. ಇಳಿಸಿದರು, ಮುಂದಿನ ದ್ವಾದಶಿಗೆ ಮತ್ತೆ ವಾಂತಿ, ಮತ್ತೆ ಬಾಯಿ ಕಹಿ, ನವರಾತ್ರಿಯ ಹೊತ್ತಿಗೆ ಮೈಯೆಲ್ಲ ತುರಿಕೆ — ತಡಿ, ತಡಿ, ಇದೇನಿದು, ಶಾಕವ್ರತದಲ್ಲಿ ಎಲೆ, ಆದ್ದರಿಂದ ಬೇಡ, ಏಕಾದಶಿಯ ದಿನ ಔಷಧ, ಆದ್ದರಿಂದ ದೋಷವಿಲ್ಲ, ಈಗ ಡಾಕ್ಟರ ಮುಂದೆ ಕೂತರೆ ಔಷಧವೂ ಅಲ್ಲ, ಎಲೆಯೂ ಅಲ್ಲ, ಏನೂ ಅಲ್ಲ, ಭಲೇ ಆಚಾರ್ಯರೇ, ದೇವರಿಗೆ ಒಂದು ಹೇಳುವುದು, ಡಾಕ್ಟರಿಗೆ ಒಂದು ಹೇಳುವುದು, ನಾನೂ ಪಕ್ಕದಲ್ಲಿ ಕೂತು ಗೋಣು ಹಾಕುವುದು.

ಹೇಳಿದರೆ ಏನಾಗುತ್ತದೆ, ಇವರಿಗೆ ನಾನು ಅಡ್ಡ ಮಾತಾಡಿದ ಹಾಗೆ, ಪರರ ಮುಂದೆ, ಅದು ಹಾಳಾಗಲಿ, ಬೆನ್ನು ತಿರುಗಿಸಿದರೆ ತಿರುಗಿಸಲಿ, ಆದರೆ ಅಳಿಯ, ಈಗ ಅವನ ಮನೆಯಲ್ಲೇ ಊಟ, ಅವನ ಅನ್ನ ಉಣ್ಣುತ್ತ ಅವನು ಕೊಟ್ಟದ್ದು ಕೆಟ್ಟದ್ದು ಅನ್ನಬೇಕು, ಮಂಜುಷಾ ನನ್ನ ಮುಖ ನೋಡುತ್ತಾಳೆ, ಆಯಿ, ಅವರು ಪ್ರೀತೀಲೆ ಕೊಟ್ಟಿದ್ರಲ್ಲ ಅನ್ನುತ್ತಾಳೆ, ಓಣಿಯಲ್ಲಿ ಅವನಿಂದ ಕೊಂಡವರ ಕಿವಿಗೆ ಬಿದ್ದರೆ ಅವನು ತಲೆಯೆತ್ತುವುದು ಹೇಗೆ, ಮಗಳ ಸಂಸಾರಕ್ಕೆ ನಾನೇ ಕಡ್ಡಿ ಆಡಿಸಿದ ಹಾಗಾಗುತ್ತದೆ. ಹೇಳದಿದ್ದರೆ — ಹೇಳದಿದ್ದರೆ ನಾಳೆ ಏಕಾದಶಿ, ಬೆಳಗ್ಗೆ ಪೂಜೆ, ಮೈಯಲ್ಲಿ ಕಸುವಿಲ್ಲದಿದ್ದರೂ ತಣ್ಣೀರು ಸುರುವಿಕೊಂಡು ಮಡಿಯುಟ್ಟು ಬರುತ್ತಾರೆ, ಹೊಟ್ಟೆಯಲ್ಲಿ ಏನೂ ಇರುವುದಿಲ್ಲ, ಉದ್ಧರಣೆ ಮುಂದೆ ಹಿಡಿಯುತ್ತಾರೆ, ನಾನು ಹೊಸ್ತಿಲಾಚೆ ನಿಂತು — ಬೇವಿನ ಕೆಳಗೆ ಅಂಗಿಯ ಗುಂಡಿ ಬಿಚ್ಚಿ ಹೊಟ್ಟೆ ಕೆರೆದುಕೊಳ್ಳುತ್ತಿದ್ದಾರೆ, ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದಾರೆ, ಎಷ್ಟು ಸಣ್ಣಗಾಗಿದ್ದಾರೆ ನನ್ನ ರಾಯರು, ಅಂಗಿ ಗೂಟಕ್ಕೆ ಹಾಕಿದ ಹಾಗೆ ಕಾಣುತ್ತದೆ, ಸಿಟ್ಟುಗಾರ, ಹಟಮಾರಿ, ಆದರೂ ಇವರಿಲ್ಲದ ಮನೆಯಲ್ಲಿ ನಾನು ಯಾರ ಮೇಲೆ ರೇಗಲಿ, ಯಾರಿಗೆ ಬಡಿಸಲಿ, ನನಗೆ ಇವರು ಬೇಕು, ಇಷ್ಟೇ. ಕಾರು ಬಂತು, ಸುಜಯೀಂದ್ರನ ಬಿಳಿ ಕಾರು, ಇವರು ಹೋಗಿ ಹಿಂದಿನ ಸೀಟಿನಲ್ಲಿ ಕೂತೂ ಆಯಿತು, ಹಾರ್ನ್ ಹೊಡೆದ, ಕೂತಿರಲಿ, ನಾನು ಎದ್ದೆ, ಕಾರಿನ ಕಡೆಗಲ್ಲ, ಪರದೆ ಸರಿಸಿ ಒಳಗೆ ಹೋದೆ, ಬೇರೆ ಯಾರೋ ಕೂತಿದ್ದರು, ಇರಲಿ, ಡಬ್ಬಿ ತೆಗೆದು ಅವಳ ಮೇಜಿನ ಮೇಲೆ ಇಟ್ಟೆ, ಬಾಳೆಹಣ್ಣಿನ ಘಮವೂ ಜೊತೆಗೆ ಬಂತು.

ಇವರು ಕುಡಿಯೂದಿಲ್ಲವ್ವಾ ತಂಗಿ, ಇದನ್ನ ತೊಗೋತಾರ, ಇದು ಔಷಧ ಅಲ್ಲ ಅಂದ್ಕೊಂಡು ನಿನಗ ಹೇಳಿರಲಿಲ್ಲ, ಅಂದೆ. ಅಫ್ಶೀನ್ ಡಬ್ಬಿ ತಿರುಗಿಸಿ ಓದಿದಳು, ಬೈಯಲಿಲ್ಲ, ಚಹಾ ಕುಡದ್ರ ಏನಾಗ್ತಿದ್ದಿಲ್ರೀ ಅಮ್ಮಾರೆ, ಹಣ್ಣು ಕಾಯಿಪಲ್ಯಾ ತಿಂದ್ರ ಅದರಾಗಿನ ಗುಣ ಹಂಗೇ ಸಿಗ್ತದ, ಇದು ಭಾಳ ಎಲಿ ಸಾರಾ ಹಿಂಡಿ ಇಷ್ಟರಾಗ ತುಂಬಿದ್ದು, ಎಷ್ಟೋ ಮಂದಿಗೆ ಏನೂ ಆಗೂದಿಲ್ಲ, ಕೆಲವರ ಲಿವರ್ ತಡಕೊಳ್ಳೂದಿಲ್ಲ, ಇದೇ ಕಾರಣಂತ ಇವತ್ತೇ ಖಾತ್ರಿ ಹೇಳಾಕ ಬರೂದಿಲ್ಲ, ಆದ್ರ ಇವತ್ತಿಂದ ಬಂದ್, ರಕ್ತ ಮತ್ತ ನೋಡೂಣು. ಹೊರೆ ಇಳಿಯಿತು ಅಂದುಕೊಂಡೆ, ಹೊರಗೆ ಮತ್ತೆ ಹಾರ್ನ್, ಅವಳು ಡಬ್ಬಿ ಕೈಯಲ್ಲೇ ಹಿಡಿದು ಏನೋ ನೆನಪಾದವಳಂತೆ ತಲೆಯೆತ್ತಿದಳು, ನಮ್ಮ ಅಜ್ಜಿ ರಂಜಾನಿನ ರೋಜಾ ಉಪವಾಸ ಇದ್ದಾಗ ಬ್ಯಾಡಂದ್ರೂ ಖಾಲಿ ಹೊಟ್ಟ್ಯಾಗ ಗುಳಿಗಿ ನುಂಗ್ತಿದ್ಲು, ಅದಕ್ಕ ಕೇಳ್ತೀನ್ರಿ, ಖಾಲಿ ಹೊಟ್ಟ್ಯಾಗ ಇದು ಇನ್ನೂ ಕೆಟ್ಟದ್ದು, ಆಚಾರ್ರು ಉಪವಾಸದ ದಿನಾನೂ ತೊಗೋತಿದ್ರೇನ್ರಿ, ಯಾರು ಕೊಡ್ತಿದ್ರು. ಹೇಳಬೇಕು, ಬಾಯಿ ತೆರೆದಿದ್ದೇನೆ, ಬೆಳ್ಳಿಯ ಉದ್ಧರಣೆ, ಅಂಚಿನವರೆಗೆ ತೀರ್ಥ, ಒಂದು ತುಳಸಿದಳ, ಹೊಸ್ತಿಲಾಚೆಯಿಂದ ಚಾಚಿದ ನನ್ನ ಬಳೆಯ ಕೈ, ಟಪ್, ಒಂದು, ಟಪ್, ಇನ್ನೊಂದು, ಇವರು ನುಂಗುತ್ತಾರೆ, ಆ ಒದ್ದೆ ಅಂಗೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ