ಬಿಡುವಿನಲ್ಲಿ ಬಿದ್ದ ಫೌಲ್

ಮಾರ್ಚ್ 14, ಭಾನುವಾರ, ಸಂಜೆ 5 ಗಂಟೆ 47 ನಿಮಿಷ, ಸೀಟಿ ಊದಿದ್ದು ಕೇಳಿಸಿತು, ಆದರೆ ಬ್ಯಾಸ್ಕೆಟ್‌ಬಾಲ್ ಸ್ಕೋರರ್ ಆಗಿ ಕೂತವಳ ಕಣ್ಣು ಹಾಳೆಯ ಮೇಲಿನ ಒಂದು ಕೆಂಪು ಗುರುತನ್ನು ಬಿಟ್ಟು ಏಳಲಿಲ್ಲ — ನಾಲ್ಕನೇ ಕ್ವಾರ್ಟರ್‌ನ ಚೌಕಗಳಲ್ಲಿ ನೀಲಿ ಫೌಲ್ ಗುರುತು ಮೂರು, ಈಗ ಊದಿದ್ದು ಸೇರಿದರೆ ನಾಲ್ಕು, ನಾಲ್ಕೇ ಆದರೆ ಎದುರು ತಂಡಕ್ಕೆ ಬರೀ ಬದಿಯಿಂದ ಚೆಂಡು, ಐದಾದರೆ ಎರಡು ಫ್ರೀ ಥ್ರೋ, ಅಂತರ ಒಂದೇ ಅಂಕ, ಮುಂದಿರುವುದೂ ಫೌಲ್ ಮಾಡಿದ್ದೂ ಅಕ್ಕನ ಮಗಳ ತಂಡ, ಗೆದ್ದರೆ ಹುಡುಗಿಗೆ ಕಾಲೇಜಿನಲ್ಲಿ ಕ್ರೀಡಾ ಸೀಟು, ಸೋತರೆ ಏನೂ ಇಲ್ಲ. ಆ ಕೆಂಪು ಗುರುತು ಇರಬೇಕಾದ ಜಾಗ ಅದಲ್ಲ. ಮೂರನೇ ಕ್ವಾರ್ಟರ್‌ನ ಸೈರನ್ ನಿಂತಾಗಿತ್ತು, ಎಲ್ಲರೂ ನೀರಿನ ಬಾಟಲಿ ಕಡೆ ಹೊರಟಿದ್ದರು, ಹುಡುಗಿ ರೆಫರಿಯನ್ನು ದಾಟುತ್ತಾ, ಏನ್ ಸಾರ್, ಕಣ್ಣು ಮನೇಲಿಟ್ಟು ಬಂದಿದ್ದೀರಾ, ಅಂದದ್ದಕ್ಕೇ ಟೆಕ್ನಿಕಲ್ ಫೌಲ್, ಬಾಯಿ ಮಾತ್ರ ಥೇಟ್ ಅಕ್ಕನದೇ — ಒಂದು ಕ್ವಾರ್ಟರ್ ಮುಗಿದಿದೆ, ಇನ್ನೊಂದು ಶುರುವಾಗಿಲ್ಲ, ನಡುವಿನ ಎರಡು ನಿಮಿಷದ ತಪ್ಪು ಯಾವುದರ ತಲೆಗೆ, ಮುಂದೆ ಬರುವುದರ ತಲೆಗೆ, ಸೈರನ್‌ಗೆ ಮುಂಚೆಯಾದರೆ ಮೂರನೆಯದರ ಕೆಂಪು ಪೆನ್ನು, ಆಮೇಲಾದರೆ ನಾಲ್ಕನೆಯದರ ನೀಲಿ, ಇದನ್ನೇ ಎಷ್ಟು ಜನ ಹೊಸಬರಿಗೆ ಕಲಿಸಿಲ್ಲ, ಆದರೂ ಕೈ ಕೆಂಪನ್ನೇ ಎತ್ತಿತು, ಮರೆವು ಅಂದುಕೊಳ್ಳಬಹುದು, ಆದರೆ ನೀಲಿ ಪೆನ್ನಿನ ಮುಚ್ಚಳ ತೆಗೆದಾಗಿತ್ತು, ತೆಗೆದದ್ದನ್ನು ಮತ್ತೆ ಹಾಕಿದ್ದಳು, ಮರೆವು ಮುಚ್ಚಳ ಹಾಕುತ್ತದೆಯೇ. ಪಕ್ಕದಲ್ಲಿ ಗಡಿಯಾರ ನೋಡಿಕೊಳ್ಳುವವನು ಮೊದಲರ್ಧದಲ್ಲೇ ನಕ್ಕಿದ್ದ, ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ ಮೇಡಂ, ನೀವು ಹೆರದೇನೇ ಮುದ್ದು ಮಾಡ್ತೀರಲ್ಲ, ಸುಮ್ನಿರಪ್ಪ, ಮೈದಾನದಲ್ಲಿ ನಾನು ಯಾರ ಚಿಕ್ಕಮ್ಮನೂ ಅಲ್ಲ, ಎಷ್ಟು ಸಲೀಸಾಗಿ ಅಂದುಬಿಟ್ಟಿದ್ದಳು. ಅಕ್ಕ ಕಣ್ಣು ಮುಚ್ಚಿದ ದಿನ ಆಸ್ಪತ್ರೆಯ ಓಣಿ, ಕಾಗದಗಳಿಗೆ ಸಹಿ ಆಗುವವರೆಗೆ ಯಾರಿಗೂ ಸೇರದ ಒಂದು ಗಂಟೆ, ಏಳು ವರ್ಷದ ಮಗು ಬೆಂಚಿನ ಅಂಚನ್ನು ನಾಲ್ಕು ಬೆರಳಲ್ಲಿ ಒತ್ತಿ ಹಿಡಿದು ಕೇಳುತ್ತಿದೆ, ಇವತ್ತಿಂದ ನಾನು ಯಾರ ಮನೆಯೋಳು ಚಿಕ್ಕಮ್ಮ. ಟೇಬಲ್, ಎಷ್ಟು ಫೌಲ್, ರೆಫರಿ ಕೂಗುತ್ತಿದ್ದಾನೆ, ಕ್ಯಾಪ್ಟನ್ ಅಂತ ಅವಳೂ ಓಡಿ ಬಂದಳು, ಮೇಜಿನ ಅಂಚಿನ ಮೇಲೆ ಬೆರಳೂರಿ ಬಗ್ಗಿದಳು, ಬೆವರಿನ ವಾಸನೆ, ಬಿಸಿಯುಸಿರು, ನಾಲ್ಕು ಅಂದ್ಬಿಡು ಚಿಕ್ಕಮ್ಮ, ಯಾರೂ ನೋಡಿಲ್ಲ — ಯಾರೂ ನೋಡಿಲ್ಲ ಅಂದರೆ ಇವಳು ನೋಡಿದ್ದಾಳೆ, ಕೆಂಪು ಪೆನ್ನು ಎತ್ತಿದ್ದನ್ನೂ, ಮುಚ್ಚಳ ಹಾಕಿದ್ದನ್ನೂ, ನೋಡಿ ಒಂದು ಇಡೀ ಕ್ವಾರ್ಟರ್ ಅದರ ಧೈರ್ಯದ ಮೇಲೇ ಆಡಿದ್ದಾಳೆ, ನಾಳೆ ಇನ್ಯಾವುದೋ ಮೇಜಿನ ಮುಂದೆ ಹೀಗೇ ಬಗ್ಗುತ್ತಾಳೆ, ಕಲಿಸಿದ್ದು ಯಾರು. ಮೇಡಂ, ಎಷ್ಟು. ಐದು, ಬಿಡುವಿನಲ್ಲಾದದ್ದು ಈ ಕ್ವಾರ್ಟರ್‌ಗೆ ಸೇರಬೇಕು, ತಪ್ಪು ನನ್ನದು — ದನಿ ತನ್ನದೇ, ಯಾರೋ ದೂರದಲ್ಲಿ ಓದಿ ಹೇಳಿದಂತೆ. ರೆಫರಿ ಎರಡು ಬೆರಳು ಎತ್ತಿದ, ಎದುರು ತಂಡದ ಹುಡುಗಿ ಗೆರೆಯ ಕಡೆ ನಡೆದಳು, ಅಕ್ಕನ ಮಗಳು ಕೈ ತೆಗೆದಳು, ಮೇಜಿನ ಅಂಚಿನಲ್ಲಿ ಬೆರಳುಗಳ ಒದ್ದೆ ಗುರುತು, ನಾಲ್ಕು, ಒರೆಸಬಹುದು, ಒರೆಸಲು ಕೈ ಬರುತ್ತಿಲ್ಲ, ನಾಲ್ಕು ಬೆರಳು, ಆರುತ್ತಲೂ ಇಲ್ಲ, ನಾಲ್ಕು ಬೆರಳು, ಗಡಿಯಾರ ನಿಂತಿದೆ, 9.4 ಸೆಕೆಂಡ್.