ಮೊದಲ ಕೊಡ

"ನಾ ಒಂದ ಸುತ್ತ ವಾಲ್ವ್ ತಿರುವಿದ್ರ ಸಾಕು, ವರದಾ ಹೊಳಿ ಸೆರಗ ಸರಿಮಾಡಿಕೊಂಡು 'ಬಂದೆ ಗುತ್ತೆಪ್ಪ' ಅಂತ ಓಡಿ ಬರ್ತಾಳ."

ಸವಣೂರಿನ ಆ ಓಣಿಯಲ್ಲಿ ಈ ಮಾತನ್ನು ನಂಬುವ ಒಂದು ನಾಯಿಯೂ ಇರಲಿಲ್ಲ. ಆದರೂ ಇಪ್ಪತ್ತು ವರ್ಷದಿಂದ ಊರಿಗೆ ನೀರು ಬಿಡುತ್ತಿದ್ದ ಗುತ್ತೆಪ್ಪ, ವಾಲ್ವ್ ತಿರುವುವ ಕಬ್ಬಿಣದ ಚಾವಿಯನ್ನು ಗದೆಯ ಹಾಗೆ ಹೆಗಲ ಮೇಲಿಟ್ಟುಕೊಂಡು ಇದನ್ನೇ ಸಾರುತ್ತಿದ್ದ. ನಂಬಿದವಳು ಒಬ್ಬಳೇ, ನಾಗವ್ವನ ಸೊಸೆ ತನುಜಾ. ಹಾನಗಲ್ಲ ಕಡೆಯ ಹೊಳೆದಂಡೆಯ ಊರಿನವಳು. ಹೋದ ವರ್ಷ ಒಂದು ಕೂಸು ಕಳೆದುಕೊಂಡು, ಈ ಸಲ ಒಂದನ್ನು ಉಳಿಸಿಕೊಂಡವಳು.

"ಅಣ್ಣಾ, ನಮ್ಮೂರ ಮುಂದಿನ ನೀರು ಈ ನಳಕ್ಕ ಬರ್ತೈತೇನ್ರಿ?"

"ಮತ್ತ? ನಿಮ್ಮವ್ವ ಕೊಡಾ ಇಡೋ ಕಲ್ಲ ಮುಟ್ಟಿ ಬರ್ತೈತಿ. ನಿನ್ನ ಗಂಗಿಪೂಜಿ ದಿನ ಹೊಳಿಗೆ ನಿನ್ನ ಹೆಸರ ಹೇಳಿ ಕಳಸ್ತೇನಿ, ನೋಡೀಯಂತ."

ಬಾಣಂತಿ ಗಂಗೆಯನ್ನು ಪೂಜಿಸಿ, ತುಂಬಿದ ಕೊಡ ಹೊತ್ತು ಹೊಸ್ತಿಲು ದಾಟಿದ ಮೇಲೆಯೇ ಅಡುಗೆಮನೆಗೆ ಹೋಗಬೇಕು. ಗುತ್ತೆಪ್ಪನ ಕೇರಿಯವರಿಗೆ ಎಂದೂ ಹಗ್ಗ ಇಳಿಬಿಡಗೊಡದ ಓಣಿಯ ಬಾವಿ ಮುಚ್ಚಿಹೋದ ಮೇಲೆ ಎಲ್ಲರಿಗೂ ನಳವೇ ಗಂಗೆ. ನಾಗವ್ವನ ಅಂಗಳದ ನಳ ಮೊಣಕಾಲಾಳದ ಗುಂಡಿಯಲ್ಲಿತ್ತು. ಅದಕ್ಕಿಂತ ಮೇಲೇರುವಷ್ಟು ಜೋರು ನೀರಿಗಿರಲಿಲ್ಲ.

ಎಂಟು ದಿನಕ್ಕೊಮ್ಮೆ ಬರುವ ನೀರಿನ ಪಾಳಿ ನೋಡಿಯೇ ನಾಗವ್ವ ಸೋಮವಾರ ಗೊತ್ತುಮಾಡಿದ್ದಳು. ಅದೇ ಬೆಳಿಗ್ಗೆ ಹೊಳೆದಂಡೆಯ ಮೋಟಾರು ಸುಟ್ಟಿತೆಂದು ಗುತ್ತೆಪ್ಪನಿಗೆ ಫೋನು ಬಂತು. ಹೇಳಿಹೋಗೋಣವೆಂದು ಬಂದರೆ, ತನುಜಾ ನಳಕ್ಕೆ ಅರಿಶಿನ ಹಚ್ಚಿ, ಗುಗ್ಗರಿ ಇಟ್ಟು, ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು.

"ಹೋದ ಸಲ ಕೂಸು ಈ ಪೂಜಿ ತನಕಾ ಉಳೀಲೇ ಇಲ್ಲಣ್ಣ," ಎಂದಳು.

ಜೀವಮಾನದಲ್ಲಿ ಮೊದಲ ಸಲ ಒಂದು ನಿಜ ಗುತ್ತೆಪ್ಪನ ಬಾಯಿತುದಿಗೆ ಬಂದಿತ್ತು. ಅದನ್ನು ನುಂಗಿದ. "ಅರ್ಧ ತಾಸು ಕುಂದರು ತಂಗಿ. ಹೊಳಿ ದಾರ್ಯಾಗದಾಳ."

ಕೇರಿಗೆ ಓಡಿದ. ಕುಡಿಯಲೆಂದು ತುಂಬಿಟ್ಟಿದ್ದ ಎರಡು ಕೊಡ ನೀರನ್ನು ಧೋತರದಲ್ಲಿ ಮೂರು ಸಲ ಸೋಸಿದ. "ಅವರ ಪೂಜಿಗೆ ನಮ್ಮ ಕೊಡಾ? ತಲಿ ನೆಟ್ಟಗೈತಿಲ್ಲೋ?" ಎಂದಳು ಹೆಂಡತಿ. "ನಳದಾಗಿಂದ ಬಂದ ನೀರಿಗೆ ಯಾರ ಹೆಸರ ಬರದಿರ್ತೈತಿ? ಸುಮ್ನಿರ," ಎಂದು ಸೈಕಲ್ಲಿಗೆ ಕಟ್ಟಿದ.

ನಾಗವ್ವನ ಗೋಡೆಯ ಹಿಂದೆ ಪೈಪಿನ ಜೋಡಣೆ ಬಿಚ್ಚಿ, ಲಾಳಿಕೆಯಿಟ್ಟು ಸುರಿದ. ಅಂಗಳದಲ್ಲಿ ನಳ ಸುರಿಯಿತು. ಹೆಂಗಸರು ಆರತಿ ಎತ್ತಿದರು. ತನುಜಾ ಒಂದು ಹನಿ ಕೂಸಿನ ನೆತ್ತಿಗೆ ಸವರಿದಳು. ಅಷ್ಟರಲ್ಲಿ ಗುತ್ತೆಪ್ಪ ಚಾವಿ ಹೊತ್ತು ಮುಂದಿನಿಂದ ಬಂದು ಮೀಸೆ ತೀಡಿದ.

ನಾಗವ್ವ ಕೊಡದೊಳಗೆ ಇಣುಕಿದಳು. "ನಳ ಬುಸ್ ಅನ್ನಲಿಲ್ಲಲ್ಲೋ. ಮೊದಲನೇ ಕೊಡಾ ಯಾವತ್ತೂ ಕೆಂಪ ರಾಡಿ, ಎಮ್ಮಿಗೆ ಹಾಕ್ತೇವಿ. ಇದು ಕನ್ನಡಿ ಆಗೇತಿ."

"ಮಾರಿ ತೊಳಕೊಂಡ ಬಾ ಅಂತ ಹೊಳಿಗೆ ನಾನ ಹೇಳಿದ್ದೆ ಅಕ್ಕಾರ."

"ಮತ್ತ ನಿನ್ನ ಅಂಗಿ ಯಾಕ ತೋಯ್ದೈತಿ?"

ಹೆಂಗಸರು ನಕ್ಕರು. ತನುಜಾ ನಗಲಿಲ್ಲ. "ಖರೆ ಹೇಳ್ರಿ ಅಣ್ಣ."

ಗುತ್ತೆಪ್ಪ ಚಾವಿಯನ್ನು ಹೆಗಲಿಂದ ಇಳಿಸಿದ. "ಮೋಟರ ಸುಟ್ಟೈತಿ, ತಂಗಿ. ನೀರ ಹೊಳೀದ, ಹೋದ ವಾರ ತುಂಬಿದ್ದು. ತುಂಬಿಟ್ಟಿದ್ದ ಕೊಡಾ ಮಾತ್ರ… ನಮ್ಮನೀದು."

ನಗು ನಿಂತಿತು. ನಾಗವ್ವನ ಕೈ ಕೊಡದ ಕಂಠದಿಂದ ಹಿಂದೆ ಸರಿಯಿತು. ತನುಜಾ ಎದ್ದು ಆ ಖಾಲಿ ಕೈಗಳಲ್ಲಿ ಕೂಸನ್ನಿಟ್ಟಳು. ಸೆರಗು ಸರಿಮಾಡಿಕೊಂಡು, ಕೊಡವನ್ನು ಟೊಂಕಕ್ಕೇರಿಸಿ, ಒಳಗೆ ನಡೆದಳು. ಹೊಸ್ತಿಲ ಮೇಲೆ ತುಳುಕಿದ ನೀರು ಹೊಳೆಯುತ್ತಿತ್ತು.